ವೆಬ್‌ಕ್ಯಾಮ್ ಮುನಿಸಿಕೊಂಡಿತೇ?

ಅಮೆರಿಕದಲ್ಲಿರುವ ಮಗಳ ಜತೆ ವಿಡಿಯೊ ಕಾಲ್. ದನಿ ಕೇಳಿಸುತ್ತಿದೆ, ಆದರೆ ನಿಮ್ಮ ಮುಖ ಮಾತ್ರ ಅವಳಿಗೆ ಕಾಣುತ್ತಿಲ್ಲ! ಕ್ಯಾಮೆರಾ ಕೆಟ್ಟೇಹೋಯ್ತು ಅಂತ ರಿಪೇರಿ ಅಂಗಡಿಗೆ ಓಡಬೇಡಿ. ಎಷ್ಟೋ ಸಲ ಅದು ಚೆನ್ನಾಗಿಯೇ ಇರುತ್ತದೆ, ಏನೋ ಒಂದು ಅಡ್ಡ ಬಂದಿರುತ್ತದೆ ಅಷ್ಟೆ. ಹೀಗೆ ಮಾಡಿ ನೋಡಿ:

* ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಲೆನ್ಸ್ ಮುಚ್ಚುವ ಪುಟ್ಟ ಮುಚ್ಚಳವಿರುತ್ತದೆ. ಧೂಳು ಒರೆಸುವಾಗ ಸರಿದಿರಬಹುದು. ಕ್ಯಾಮೆರಾ ಚಿತ್ರವಿರುವ ಕೀ ಇದ್ದರೆ ಒಮ್ಮೆ ಒತ್ತಿ.

* ಬೇರೆಯಾಗಿ ಕೊಂಡ ವೆಬ್‌ಕ್ಯಾಮ್ ಆದರೆ ವೈರ್ ತೆಗೆದು ಇನ್ನೊಂದು ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿ.

* ಮಗ ಕ್ಲಾಸ್ ಮುಗಿಸಿ ಝೂಮ್ ಮುಚ್ಚದೆ ಎದ್ದು ಹೋಗಿದ್ದಾನಾ? ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಆ್ಯಪ್‌ಗೆ ಕ್ಯಾಮೆರಾ ಸಿಗುವುದು. ಉಳಿದದ್ದನ್ನೆಲ್ಲ ಮುಚ್ಚಿಬಿಡಿ.

* ವಿಂಡೋಸ್ 11 ಇದ್ದರೆ ‘ಸೆಟ್ಟಿಂಗ್ಸ್’ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಕ್ಯಾಮೆರಾ’ ತೆರೆಯಿರಿ. ಅಲ್ಲಿನ ಅನುಮತಿಗಳು ಆನ್ ಇರಬೇಕು.

* ಕ್ರೋಮ್‌ನಲ್ಲಿ ಗೂಗಲ್ ಮೀಟ್ ಬಳಸುವವರು, ವೆಬ್ ವಿಳಾಸದ ಎಡಬದಿಯ ಗುರುತನ್ನು ಒತ್ತಿ ಕ್ಯಾಮೆರಾಗೆ ಅನುಮತಿ ಕೊಡಿ.

* ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್‌ನದೇ ‘ಕ್ಯಾಮೆರಾ’ ಆ್ಯಪ್ ತೆರೆಯಿರಿ. ಅಲ್ಲಿ ಮುಖ ಕಂಡರೆ ಕ್ಯಾಮೆರಾ ಸರಿಯಿದೆ, ತೊಂದರೆ ಇರುವುದು ಕಾಲ್ ಆ್ಯಪ್‌ನಲ್ಲಿ. ಅದರ ಸೆಟ್ಟಿಂಗ್‌ನಲ್ಲಿ ಸರಿಯಾದ ಕ್ಯಾಮೆರಾ ಆರಿಸಿ. ಅಲ್ಲೂ ಕಾಣದಿದ್ದರೆ ಆಗ ಅಂಗಡಿಗೆ ಒಯ್ಯಿರಿ.

ಒಂದು ಎಚ್ಚರಿಕೆ: ‘ಕೂತಲ್ಲೇ ಸರಿ ಮಾಡಿಕೊಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ’ ಅಂತ ಅಪರಿಚಿತರು ಫೋನ್ ಮಾಡಿದರೆ ಒಪ್ಪಲೇಬೇಡಿ. ಕಂಪ್ಯೂಟರ್ ಅವರ ಕೈಗೆ ಹೋದರೆ ಬ್ಯಾಂಕಿನ ದುಡ್ಡಿಗೂ ಕುತ್ತು. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.