ದೇಣಿಗೆ ಪಟ್ಟಿಯನ್ನು ಓದುವ ಬಗೆ

ಒಂದು ಹಣಕಾಸು ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ದೇಣಿಗೆ ಕೊಟ್ಟವರ ವಿವರವನ್ನು ರಾಜಕೀಯ ಪಕ್ಷಗಳು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. 1951ರ ಜನಪ್ರತಿನಿಧಿ ಕಾಯ್ದೆಯ 29ಸಿ ಕಲಮು ಹೀಗೆ ಹೇಳುತ್ತದೆ. 2018ರಲ್ಲಿ ಜಾರಿಗೆ ಬಂದ, ಸ್ಟೇಟ್ ಬ್ಯಾಂಕಿನಿಂದ ಕೊಂಡು ಪಕ್ಷಕ್ಕೆ ಕೊಡಬಹುದಾಗಿದ್ದ ಚುನಾವಣಾ ಬಾಂಡ್‌ಗೆ ಮಾತ್ರ ಇದರಿಂದ ವಿನಾಯಿತಿ ಇತ್ತು. ಕೋಟಿ ರೂಪಾಯಿಯ ಬಾಂಡ್ ಕೊಟ್ಟವರ ಹೆಸರನ್ನೂ ಪಕ್ಷ ಹೇಳಬೇಕಿರಲಿಲ್ಲ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಈ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಮಾಡಿ, ವಿವರಗಳನ್ನು ಬಹಿರಂಗಪಡಿಸಲು ಆದೇಶಿಸಿತು. ಮತ ಹಾಕುವವರಿಗೆ ಇದಕ್ಕಿಂತ ಉಪಯುಕ್ತವಾದ ತೀರ್ಪು ಅಪರೂಪ.

ಮಾರ್ಚ್ 14ರಂದು ಎರಡು ಪಟ್ಟಿಗಳು ಹೊರಬಂದವು. ಒಂದರಲ್ಲಿ ಬಾಂಡ್ ಕೊಂಡವರು, ಇನ್ನೊಂದರಲ್ಲಿ ನಗದೀಕರಿಸಿಕೊಂಡ ಪಕ್ಷಗಳು. ಯಾರು ಯಾರಿಗೆ ಕೊಟ್ಟರೆಂಬುದು ಎರಡರಲ್ಲೂ ಇರಲಿಲ್ಲ. ಮಾರ್ಚ್ 21ರಂದು ಪ್ರತಿ ಬಾಂಡಿನ ಗುರುತು ಸಂಖ್ಯೆ ಪ್ರಕಟವಾದ ಮೇಲಷ್ಟೇ ಎರಡನ್ನೂ ತಾಳೆ ನೋಡಲು ಸಾಧ್ಯವಾಯಿತು.

ಈ ಅಂಕಿಗಳನ್ನು ಎಷ್ಟು ಎಚ್ಚರದಿಂದ ಓದಬೇಕೆಂಬುದಕ್ಕೆ ಎಚ್.ಡಿ. ದೇವೇಗೌಡರ ಜೆಡಿಎಸ್ ಪಕ್ಷವೇ ಒಳ್ಳೆಯ ಉದಾಹರಣೆ. ಸ್ಟೇಟ್ ಬ್ಯಾಂಕ್ ಪಟ್ಟಿಯ ಪ್ರಕಾರ ಜೆಡಿಎಸ್ ಪಡೆದದ್ದು 43.5 ಕೋಟಿ ರೂಪಾಯಿ. ಪಕ್ಷವೇ ಆಯೋಗಕ್ಕೆ ಕೊಟ್ಟ ಲೆಕ್ಕದಲ್ಲಿ 89.75 ಕೋಟಿ ಇದೆ. ಎರಡರಲ್ಲಿ ಒಂದು ಸುಳ್ಳಿರಬೇಕು ಎಂದು ತೀರ್ಮಾನಿಸುವ ಅಗತ್ಯವಿಲ್ಲ: ಬ್ಯಾಂಕಿನ ಪಟ್ಟಿ 2019ರ ಏಪ್ರಿಲ್‌ನಿಂದ ಆರಂಭವಾಗುತ್ತದೆ, ಪಕ್ಷದ ಲೆಕ್ಕ ಅದಕ್ಕೂ ಹಿಂದಿನ ಬಾಂಡ್‌ಗಳನ್ನು ಸೇರಿಸಿಕೊಂಡಿದೆ. ಮೇಘಾ ಎಂಜಿನಿಯರಿಂಗ್ ಕಂಪನಿಯಿಂದ 50 ಕೋಟಿ ಬಂದಿದೆ ಎಂದು ಪಕ್ಷ ಹೇಳಿಕೊಂಡಿದೆ. ಈ ಒಂದು ಮೊತ್ತವೇ ಬ್ಯಾಂಕ್ ಪಟ್ಟಿಯಲ್ಲಿ ಜೆಡಿಎಸ್‌ಗೆ ಸಿಕ್ಕ ಒಟ್ಟು ಹಣಕ್ಕಿಂತ ದೊಡ್ಡದು. ಅದೇ ಕಂಪನಿ ಕೊಂಡ ಬಾಂಡ್‌ಗಳ ಒಟ್ಟು ಮೊತ್ತ 966 ಕೋಟಿ ಎಂದು ಬ್ಯಾಂಕ್ ಪಟ್ಟಿ ಹೇಳುತ್ತದೆ. ಹಾಗೆಂದು 50ನ್ನು 966ರಿಂದ ಭಾಗಿಸಿ ಶೇಕಡಾವಾರು ಹೇಳಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎರಡರ ಕಾಲಾವಧಿ ಬೇರೆ. ಪಕ್ಷದ ಮಟ್ಟಿಗೆ ಮಾತ್ರ ಉತ್ತರ ಸ್ಪಷ್ಟ: ಬಾಂಡ್ ಹಣದ ಅರ್ಧಕ್ಕಿಂತ ಹೆಚ್ಚು ಒಬ್ಬರೇ ದಾನಿಯಿಂದ ಬಂದಿದೆ.

ದಿನಾಂಕಗಳಿಗೂ ಇದೇ ಎಚ್ಚರ ಬೇಕು: ದಾನಿಗೆ ಗುತ್ತಿಗೆ ಸಿಕ್ಕಿದ ದಿನ, ತನಿಖಾ ಸಂಸ್ಥೆ ದಾಳಿ ಮಾಡಿದ ದಿನ, ಬಾಂಡ್ ಕೊಂಡ ದಿನ ಇವು ಹತ್ತಿರ ಹತ್ತಿರ ಬಂದರೆ ಅದು ಪ್ರಶ್ನೆ ಕೇಳಲು ಸಾಕು, ಅಪರಾಧವೆಂದು ತೀರ್ಪು ಕೊಡಲು ಸಾಲದು. ಅಂಗಸಂಸ್ಥೆಗಳ ಹೆಸರಿನಲ್ಲಿ ಹಂಚಿಹೋದ ದೇಣಿಗೆಯನ್ನು ಒಟ್ಟುಗೂಡಿಸದೆ ನಿಜವಾದ ದೊಡ್ಡ ದಾನಿ ಯಾರೆಂದು ತಿಳಿಯದು.

ಅಭ್ಯರ್ಥಿಗಳ ಲೆಕ್ಕ ಬೇರೆಯೇ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಯ ಮಿತಿಯಿತ್ತು. ಪಕ್ಷದ ವೆಚ್ಚಕ್ಕೆ ಅಂಥ ಮಿತಿಯೇ ಇಲ್ಲ. ಫಲಿತಾಂಶದಿಂದ 30 ದಿನದೊಳಗೆ ಅಭ್ಯರ್ಥಿ ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು. ಸ್ವಂತ ಹಣವೆಷ್ಟು, ಪಕ್ಷ ಕೊಟ್ಟದ್ದೆಷ್ಟು, ಇತರರಿಂದ ಬಂದದ್ದೆಷ್ಟು ಎಂಬುದೂ ಅದರಲ್ಲಿರುತ್ತದೆ. 1961ರ ಚುನಾವಣಾ ನಿಯಮಗಳ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಆ ಲೆಕ್ಕವನ್ನು ಪರಿಶೀಲಿಸಬಹುದು.