ಸೆಟಲ್ಡ್ ಅಂದ್ರೆ ತೀರಿತು ಅಂತಲ್ಲ

ಬ್ಯಾಂಕ್ ಮ್ಯಾನೇಜರ್ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಸರ್, ಇಲ್ಲಿ ಸೆಟಲ್ಡ್ ಅಂತ ಬರ್ತಿದೆ" ಅಂದ್ರು. "ಹೌದು, ಪೂರ್ತಿ ಸೆಟಲ್ ಮಾಡಿದ್ದೀನಿ, ಲೆಟರ್ ಕೂಡ ಇದೆ" ಅಂತ ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ದಿನಾ ರಾತ್ರಿ ಟಿವಿಯಲ್ಲಿ ಹಣಕಾಸು ಸಚಿವರಿಗೇ ಲೆಕ್ಕ ಹೇಳಿಕೊಡುವ ಮನುಷ್ಯ ಇವನೇನಾ ಅನ್ನುವ ಹಾಗಿತ್ತು ಆ ನೋಟ. "ಅದೇ ಪ್ರಾಬ್ಲಂ ಸರ್" ಅಂದ್ರು.

ಇದು 2023ರ ಮಾತು. ಒಂದು ಸಣ್ಣ ಫ್ಲ್ಯಾಟ್‌ಗೆ ಸಾಲ ಕೇಳಲು ಹೋಗಿದ್ದೆ. ಸಿಗಲಿಲ್ಲ. ಅದರ ಬೇರು ಇದ್ದದ್ದು ನಾಲ್ಕು ವರ್ಷ ಹಿಂದೆ, ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ.

2019ರ ನವೆಂಬರ್. ಅಪ್ಪನಿಗೆ ಹೃದಯಾಘಾತ. ಎರಡು ಸ್ಟೆಂಟ್, ನಾಲ್ಕು ದಿನ ಐಸಿಯು, ಒಟ್ಟು 3 ಲಕ್ಷ 80 ಸಾವಿರ. ಆಫೀಸಿನ ಇನ್ಶೂರೆನ್ಸ್ ನನಗೆ, ಹೆಂಡತಿಗೆ, ಮಗಳಿಗೆ ಇತ್ತು; ಅಪ್ಪ ಅಮ್ಮ ಅದರಲ್ಲಿ ಇಲ್ಲ ಅನ್ನೋದು ಗೊತ್ತಾಗಿದ್ದೇ ಆವತ್ತು. ಉಳಿತಾಯ 1 ಲಕ್ಷ 20 ಸಾವಿರ ಕೊಟ್ಟೆ. ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲೇ ಮೇಜು ಹಾಕಿಕೊಂಡು ಕೂತಿದ್ದ ಹುಡುಗ ಅರ್ಧ ಗಂಟೆಯಲ್ಲಿ ಒಂದೂವರೆ ಲಕ್ಷ ಪರ್ಸನಲ್ ಲೋನ್ ಮಾಡಿಕೊಟ್ಟ. ಉಳಿದ 1 ಲಕ್ಷ 10 ಸಾವಿರಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಅಪ್ಪ ನಡೆದುಕೊಂಡೇ ಮನೆಗೆ ಬಂದರು. ಅವತ್ತು ಇನ್ನೇನು ಬೇಕಿತ್ತು ಹೇಳಿ?

ಇಲ್ಲಿ ಒಂದು ನಿಮಿಷ ನಿಲ್ಲಿ. ಕಾರ್ಡ್ ಉಜ್ಜುವ ಮೊದಲು ಆ ಹಣ ನಾನು ಆಸ್ಪತ್ರೆಗೆ ಕೊಡಬೇಕಾದ ಬಾಕಿ. ಆಸ್ಪತ್ರೆ ಸಾಲ ಕೊಡುವ ಸಂಸ್ಥೆಯಲ್ಲ, ಹಾಗಾಗಿ ಅದರ ಬಾಕಿ ನಿಮ್ಮ ಸಿಬಿಲ್‌ನಲ್ಲಿ ಬರೋದಿಲ್ಲ. ಆಸ್ಪತ್ರೆಯವರು ಕೋರ್ಟಿಗೆ ಹೋಗಬಹುದು, ಅದು ಬೇರೆ. ಆದರೆ ಕಾರ್ಡ್ ಉಜ್ಜಿದ ಮರುಕ್ಷಣ, ಅಥವಾ ಪಕ್ಕದ ಮೇಜಿನಲ್ಲಿ ಸಹಿ ಹಾಕಿದ ಮರುಕ್ಷಣ, ಅದು ಬ್ಯಾಂಕಿನ ಸಾಲ. ರಿಪೋರ್ಟಿನಲ್ಲಿ ಅದರ ಹೆಸರು "ಪರ್ಸನಲ್ ಲೋನ್", "ಕ್ರೆಡಿಟ್ ಕಾರ್ಡ್", ಇಲ್ಲವೇ "ಕನ್ಸ್ಯೂಮರ್ ಲೋನ್". ಅಪ್ಪನ ಹೃದಯ, ಆ ನಾಲ್ಕು ರಾತ್ರಿ, ಯಾವುದಕ್ಕೂ ಅಲ್ಲಿ ಕಾಲಂ ಇಲ್ಲ. ಸಾಲ ತಗೊಂಡು ಗೋವಾಗೆ ಹೋಗಿ ಬಂದವನೂ ನಾನೂ ಅಲ್ಲಿ ಒಂದೇ.

ಅಮೆರಿಕದಲ್ಲಿ ಇದು ಬೇರೆ ಥರ. ಅಲ್ಲಿ ಆಸ್ಪತ್ರೆ ತನ್ನ ಬಾಕಿಯನ್ನೇ ವಸೂಲಿ ಏಜೆನ್ಸಿಗೆ ಕೊಡುತ್ತೆ, ಅದು "ವೈದ್ಯಕೀಯ ಬಾಕಿ" ಅನ್ನೋ ಹಣೆಪಟ್ಟಿಯ ಜೊತೆಗೇ ಕ್ರೆಡಿಟ್ ರಿಪೋರ್ಟಿಗೆ ಬಂದು ಕೂರುತ್ತೆ. ಹಣೆಪಟ್ಟಿ ಇರೋದರಿಂದ ಅದರ ಬಗ್ಗೆ ಜಗಳ ಆಡೋಕಾದರೂ ಆಗುತ್ತೆ. ತೀರಿಸಿದ ವೈದ್ಯಕೀಯ ಬಾಕಿಯನ್ನು 2022ರ ಜುಲೈಯಿಂದ, 500 ಡಾಲರ್‌ಗಿಂತ ಕಡಿಮೆ ಬಾಕಿಯನ್ನು 2023ರಿಂದ ಅಲ್ಲಿನ ಮೂರು ದೊಡ್ಡ ಬ್ಯೂರೋಗಳು ರಿಪೋರ್ಟಿನಿಂದ ಕೈಬಿಟ್ಟವು. ಪೂರ್ತಿ ಕೈಬಿಡಬೇಕು ಅಂತ 2025ರ ಜನವರಿಯಲ್ಲಿ ಬಂದ ಸರ್ಕಾರಿ ನಿಯಮವನ್ನು ಅದೇ ಜುಲೈಯಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ರದ್ದು ಮಾಡಿತು. ನಮ್ಮಲ್ಲಿ ಆ ಚರ್ಚೆಗೇ ಜಾಗ ಇಲ್ಲ, ಯಾಕಂದ್ರೆ ಕಾಯಿಲೆ ಅನ್ನೋದು ಕಾಗದದಲ್ಲೇ ಇಲ್ಲ.

ಹಾಗಾಗಿ ಚೌಕಾಸಿ ಏನಿದ್ದರೂ ಉಜ್ಜುವ ಮೊದಲು. ಐಟಂವಾರು ಬಿಲ್ ಕೇಳಿ, ಅದು ನಿಮ್ಮ ಹಕ್ಕು. ಬಿಲ್ಲಿನಲ್ಲಿ ರಿಯಾಯಿತಿ ಕೇಳಿ, ಎರಡು ಕಂತಿನಲ್ಲಿ ಕೊಡ್ತೀನಿ ಅನ್ನಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಆ ಆಸ್ಪತ್ರೆ ಸೇರಿದೆಯಾ ಕೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸಿಗುತ್ತೆ. ನಾನು ಕೇಳಲೇ ಇಲ್ಲ. ಐಸಿಯು ಬಾಗಿಲಲ್ಲಿ ನಿಂತವನಿಗೆ ಎಪಿಎಲ್ ಕಾರ್ಡ್ ಎಲ್ಲಿ ನೆನಪಾಗುತ್ತೆ!

ಮುಂದಿನದು ನಿಮಗೇ ಗೊತ್ತು. 2020ರ ಮಾರ್ಚ್, ಲಾಕ್‌ಡೌನ್. ನಮ್ಮ ಸಂಬಳಕ್ಕೂ ಕತ್ತರಿ ಬಿತ್ತು. ಆರ್‌ಬಿಐ ಆಗಸ್ಟ್ 31ರವರೆಗೆ ಮಾರಟೋರಿಯಂ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಪರ್ಸನಲ್ ಲೋನ್ ಹೇಗೋ ಎಳೆದುಕೊಂಡು ಹೋದೆ. ಕಾರ್ಡ್ ಕೈ ಮೀರಿತು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದ್ರೆ ವರ್ಷಕ್ಕೆ 42. ಇಂಜಿನಿಯರಿಂಗ್ ಓದಿದವನು ನಾನು, ಚಕ್ರಬಡ್ಡಿಯ ಗ್ರಾಫ್ ಬಿಡಿಸೋಕೆ ಬರುತ್ತೆ. ಅದರ ಒಳಗೇ ಕೂತಿರುವಾಗ ಮಾತ್ರ ಆ ಗ್ರಾಫ್ ಕಾಣೋದಿಲ್ಲ. 2021ರ ಮಾರ್ಚ್ ಹೊತ್ತಿಗೆ ಬಾಕಿ 1 ಲಕ್ಷ 48 ಸಾವಿರ.

ಆಗ ಶುರುವಾದವು ಫೋನ್‌ಗಳು. ಒಂದು ರಾತ್ರಿ 8:40ಕ್ಕೆ, ಒಂಬತ್ತರ ಬುಲೆಟಿನ್‌ಗೆ ಮೇಕಪ್ ಹಾಕಿಸಿಕೊಳ್ಳುತ್ತಿದ್ದೆ, ಆಫೀಸಿನ ಲ್ಯಾಂಡ್‌ಲೈನ್‌ಗೇ ಕರೆ ಬಂತು. ರಿಸೆಪ್ಷನ್ ಹುಡುಗಿಗೆ ಎಲ್ಲ ಹೇಳಿಬಿಟ್ಟಿದ್ದ ಆತ. "ಸಾರ್, ನಿಮ್ ಮುಖ ಟಿವಿಯಲ್ಲಿ ಬರುತ್ತೆ, ಮರ್ಯಾದೆ ನೋಡ್ಕೊಳ್ಳಿ" ಅಂದ. ಅವತ್ತು ಹೆಡ್‌ಲೈನ್ಸ್ ಓದುವಾಗ ಎರಡು ಸಲ ತಡವರಿಸಿದೆ. ವೀಕ್ಷಕರೊಬ್ಬರು ಹುಷಾರಿಲ್ವಾ ಅಂತ ಮೆಸೇಜ್ ಮಾಡಿದ್ದರು.

ಇಂಥವರಿಗೆ ಲಗಾಮು ಇದೆ, ತಿಳಿದಿರಲಿ. 2022ರ ಆಗಸ್ಟ್ 12ರ ಆರ್‌ಬಿಐ ಸುತ್ತೋಲೆ ಪ್ರಕಾರ ಬಾಕಿ ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಕೆ ಹಾಕುವಂತಿಲ್ಲ, ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ, ಮನೆಯವರು ಸ್ನೇಹಿತರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ. ಏಜೆಂಟ್ ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ. ಕರೆಯ ಸಮಯ, ನಂಬರ್ ಬರೆದಿಟ್ಟುಕೊಂಡು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್. ಸಹಾಯವಾಣಿ 14448. ದುಡ್ಡು ಖರ್ಚಿಲ್ಲ.

ಕಿರುಕುಳಕ್ಕಿಂತ ನನ್ನನ್ನು ಕೆಡವಿದ್ದು ಅದರ ನಂತರ ಬಂದ ಸಿಹಿಮಾತು. "ಸಾರ್, 90 ಸಾವಿರ ಒಂದೇ ಸಲ ಕಟ್ಟಿಬಿಡಿ, ಫೈಲ್ ಕ್ಲೋಸ್." 58 ಸಾವಿರ ಉಳಿತಾಯ! ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಲೆಟರ್ ಬಂತು. ಫೋನ್ ನಿಂತಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ಅರ್ಥವೇ ಬೇರೆ. "ಕ್ಲೋಸ್ಡ್" ಅಂದ್ರೆ ಪೂರ್ತಿ ಕಟ್ಟಿದ್ದಾನೆ. "ಸೆಟಲ್ಡ್" ಅಂದ್ರೆ ಪೂರ್ತಿ ಕಟ್ಟಲಿಲ್ಲ, ನಾವೇ ಬಂದಷ್ಟು ಬರಲಿ ಅಂತ ಕೈಬಿಟ್ಟೆವು. ಮುಂದೆ ಸಾಲ ಕೊಡುವವನು ಓದುವುದು ಈ ಎರಡನೇ ವಾಕ್ಯವನ್ನು. ಕ್ರೆಡಿಟ್ ಮಾಹಿತಿ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅನ್ನೋದು ನಿಯಮ. ಅಂದ್ರೆ ನನ್ನ 58 ಸಾವಿರದ ಉಳಿತಾಯ ಏಳು ವರ್ಷ ನನ್ನ ಹಿಂದೆಯೇ ನಡೆದು ಬರುತ್ತಿತ್ತು. ಇದನ್ನು ಏಜೆಂಟ್ ಹೇಳಲಿಲ್ಲ, ಲೆಟರಿನಲ್ಲಿ ದಪ್ಪಕ್ಷರದಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ. ಕಟ್ಟೋಕೆ ಸಾಧ್ಯವೇ ಇಲ್ಲ ಅನ್ನುವವರಿಗೆ ರಾಜಿ ಒಂದು ದಾರಿಯೇ, ನಾನು ಬೇಡ ಅನ್ನೋದಿಲ್ಲ. ಆದರೆ ಅದಕ್ಕೆ ಮೊದಲು ಕಾರ್ಡ್ ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐ ಮಾಡಿಕೊಡಿ ಅಂತ ಬ್ಯಾಂಕನ್ನೇ ಬರವಣಿಗೆಯಲ್ಲಿ ಕೇಳಿ. ಮೂರು ಕಂತು ತಪ್ಪಿದ ಮೇಲೆ ಕೇಳೋದಲ್ಲ, ಮೊದಲ ಕಂತು ತಪ್ಪುವ ಮುನ್ನ ಕೇಳಿ. 90 ದಿನ ದಾಟಿದರೆ ನಿಮ್ಮ ಸಾಲ ಎನ್‌ಪಿಎ, ಆಮೇಲೆ ಮಾತಾಡುವ ದನಿಯೇ ಬದಲಾಗುತ್ತೆ.

ಸರಿ, ಆಗಿದ್ದು ಆಗಿದೆ, ಈಗೇನು? ಮೊದಲು ರಿಪೋರ್ಟ್ ತೆಗೆಸಿ ಓದಿ. ನಮ್ಮ ದೇಶದಲ್ಲಿ ಇಂಥ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಲೇಬೇಕು, 2017ರಿಂದ ಇದು ಜಾರಿಯಲ್ಲಿದೆ. ಎಲ್ಲರೂ ಮೊದಲು ನೋಡೋದು 300ರಿಂದ 900ರ ನಡುವಿನ ಆ ಅಂಕಿ. ಅದನ್ನು ಬಿಡಿ. ಕೆಳಗೆ ಒಂದೊಂದು ಸಾಲಕ್ಕೂ ತಿಂಗಳುವಾರು ಚೌಕಗಳಿರುತ್ತವೆ, ಕಂತು ಎಷ್ಟು ದಿನ ತಡವಾಯ್ತು ಅನ್ನೋ ಲೆಕ್ಕ, 36 ತಿಂಗಳದ್ದು. 000 ಇದ್ದರೆ ತಡವಿಲ್ಲ. ಪಕ್ಕದಲ್ಲೇ ಸಾಲದ ಸ್ಥಿತಿ ಇರುತ್ತೆ. ತೀರಿದ ಸಾಲ ಇನ್ನೂ ಜೀವಂತ ಇದೆಯಾ, ನಿಮ್ಮದಲ್ಲದ ಸಾಲ ನಿಮ್ಮ ಹೆಸರಲ್ಲಿದೆಯಾ, ಒಂದೇ ಸಾಲ ಎರಡು ಕಡೆ ಕಾಣ್ತಿದೆಯಾ ನೋಡಿ.

ತಪ್ಪಿದ್ದರೆ ಆ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ದಾಖಲಿಸಿ. 2024ರ ಏಪ್ರಿಲ್ 26ರಿಂದ ಇದಕ್ಕೆ ಹಲ್ಲು ಬಂದಿದೆ: 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ. ಆದರೆ ತಿದ್ದಬಹುದಾದ್ದು ತಪ್ಪನ್ನು ಮಾತ್ರ, ನಿಜವನ್ನು ಅಲ್ಲ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಸಿಬಿಲ್ ಕ್ಲೀನ್ ಮಾಡಿಕೊಡಲಾಗುವುದು" ಅಂತ ಚೀಟಿ ಅಂಟಿಸಿರುತ್ತಾರಲ್ಲ, ಅವರಿಗೆ ಕೊಡುವ ಐದು ಸಾವಿರ ನೀರಿಗೆ ಹಾಕಿದ ಹಾಗೆ. ಸಾಲ ಕೊಟ್ಟವರು ಒಪ್ಪದೆ ಆ ರಿಪೋರ್ಟಿನ ಒಂದಕ್ಷರವನ್ನೂ ಸಿಬಿಲ್ಲೇ ಬದಲಿಸೋದಿಲ್ಲ, ಇನ್ನು ಇವರೇನು ಬದಲಿಸುತ್ತಾರೆ?

ನನ್ನ ವಿಷಯದಲ್ಲಿ ರಿಪೋರ್ಟ್ ಹೇಳಿದ್ದು ನಿಜವೇ ಆಗಿತ್ತು. ಉಳಿದಿದ್ದು ಒಂದೇ ದಾರಿ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆದೆ: ನೀವು ಬಿಟ್ಟ 58 ಸಾವಿರ ನಾನು ಈಗ ಕಟ್ಟುತ್ತೇನೆ, ಸ್ಥಿತಿಯನ್ನು ಕ್ಲೋಸ್ಡ್ ಅಂತ ಬದಲಿಸುತ್ತೀರಾ? ಬದಲಿಸುತ್ತೇವೆ ಅಂತ ಇಮೇಲಿನಲ್ಲಿ ಬಂದ ಮೇಲೆಯೇ ಹಣ ಕಟ್ಟಿದೆ. ಬಾಯಿಮಾತಿಗೆ ಕಟ್ಟಬೇಡಿ. ನೋ ಡ್ಯೂಸ್ ಸರ್ಟಿಫಿಕೇಟ್ ಕೈಗೆ ಬಂತು, ರಿಪೋರ್ಟ್ ಬದಲಾಗೋಕೆ ಮಾತ್ರ ಸುಮಾರು ಮೂರು ತಿಂಗಳು ಹಿಡಿಯಿತು. ಆಗ ಬ್ಯಾಂಕುಗಳು ಮಾಹಿತಿ ಕಳಿಸುತ್ತಿದ್ದುದೇ ತಿಂಗಳಿಗೊಮ್ಮೆ. 2025ರ ಜನವರಿ 1ರಿಂದ 15 ದಿನಕ್ಕೊಮ್ಮೆ ಕಳಿಸಬೇಕು ಅಂತಾಯಿತು.

ಇನ್ನೊಂದು ಮಾತು. ಇದನ್ನು ಹೇಳದೆ ಹೋದರೆ ಆ ತಾಯಿಗೆ ಮೋಸ ಮಾಡಿದ ಹಾಗೆ. ಹಾಸನದ ಕಡೆಯಿಂದ ಒಬ್ಬರು ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದ್ದರು. ಗಂಡ ತನ್ನ ಚಿಕಿತ್ಸೆಗೆ ತನ್ನ ಹೆಸರಲ್ಲೇ ಸಾಲ ಮಾಡಿ, ತೀರಿಕೊಂಡಿದ್ದರು. ಹದಿನೈದನೇ ದಿನಕ್ಕೆ ಏಜೆಂಟ್ ಮನೆಗೆ ಬಂದು, "ಅಮ್ಮ, ಇಲ್ಲೊಂದು ಸಹಿ ಹಾಕಿ, ನಿಧಾನಕ್ಕೆ ಕಟ್ಟುವಿರಂತೆ" ಅಂದಿದ್ದ. ಹಾಕ್ಲಾ ಸಾರ್ ಅಂತ ಕೇಳಿದರು. ಹಾಕಬೇಡಿ ಅಂದೆ. ಅವರು ಸಹ-ಸಾಲಗಾರರೂ ಅಲ್ಲ, ಜಾಮೀನೂ ಹಾಕಿರಲಿಲ್ಲ. ಇಂಥ ಸಾಲಕ್ಕೆ ವಾರಸುದಾರರ ಹೊಣೆ, ಸತ್ತವರಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ. ಸ್ವಂತ ದುಡಿಮೆಯಿಂದ ಕಟ್ಟಬೇಕಾಗಿಲ್ಲ, ಅವರ ಸಿಬಿಲ್‌ಗೂ ಅದು ಬರೋದಿಲ್ಲ. ಹೊಸ ಸಹಿ ಬಿತ್ತೋ, ಅಲ್ಲಿಗೆ ಅದು ಅವರದೇ ಸಾಲ. ಮರಣ ಪ್ರಮಾಣಪತ್ರದ ಪ್ರತಿ ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಆ ಸಾಲದ ಜೊತೆ ಇನ್ಶೂರೆನ್ಸ್ ಏನಾದರೂ ಕಟ್ಟಿಸಿಕೊಂಡಿದ್ದರಾ ಕೇಳಿ ಅಂತ ಹೇಳಿದೆ. ಇತ್ತು! ಸಾಲ ಕೊಡುವಾಗ ಅವರೇ ಪ್ರೀಮಿಯಂ ಮುರಿದುಕೊಂಡಿದ್ದರು. ಅದನ್ನು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಫ್ಲ್ಯಾಟ್ ಸಾಲ ಕೊನೆಗೆ ಬೇರೆ ಬ್ಯಾಂಕಿನಲ್ಲಿ ಆಯಿತು, ಬಡ್ಡಿ ಸ್ವಲ್ಪ ಜಾಸ್ತಿ. ಬಳೆ ಬಿಡಿಸಿಕೊಂಡು ಬಂದಿದ್ದೇನೆ. ಅಪ್ಪನ ಡಿಸ್ಚಾರ್ಜ್ ಸಮರಿ ಇರುವ ಹಳದಿ ಫೈಲಿನಲ್ಲೇ ಆ ನೋ ಡ್ಯೂಸ್ ಸರ್ಟಿಫಿಕೇಟನ್ನೂ ಇಟ್ಟಿದ್ದೇನೆ. ಮೊನ್ನೆ ಚೆಕಪ್‌ಗೆ ಹೊರಟಾಗ ಅಪ್ಪ ಫೈಲ್ ತಿರುವಿ, "ಇದೇನೋ ಬ್ಯಾಂಕಿನ ಕಾಗದ, ಇಲ್ಯಾಕೆ ಸೇರ್ಕೊಂಡಿದೆ?" ಅಂತ ಕೇಳಿದರು. ಇರಲಿ ಬಿಡಪ್ಪ, ಅದೂ ನಿನ್ನದೇ ಅಂದೆ.