ಜೋಳಿಗೆಯೂ ಮನಸ್ಸೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ವಾಚಕರಿಗೆ ಜೋಳಿಗೆಯು ಹೊಸ ವಸ್ತುವಲ್ಲ. ಮಠದ ಸ್ವಾಮಿಗಳು ಅದನ್ನು ಹಿಡಿದು ಬಾಗಿಲಿಗೆ ಬಂದರೆ ಜೋಳವನ್ನೋ ಹಣವನ್ನೋ ಹಾಕುವುದು ರೂಢಿ. ಮುದ್ದೇಬಿಹಾಳದ ತೆಂಕಣಕ್ಕೆ, ಕೃಷ್ಣೆಯ ಆಚೆಗಿರುವ ಇಳಕಲ್ಲಿನ ಮಠದ ಮಹಾಂತ ಶಿವಯೋಗಿಗಳು (1930–2018) 1975ರಲ್ಲಿ ಹೊರಟದ್ದು ಮಾತ್ರ ಬೇರೊಂದು ಭಿಕ್ಷೆಗೆ. ಅವರು ಜನರ ಚಟಗಳನ್ನೇ ಬೇಡಿದರು. ಕುಡಿತವನ್ನು, ತಂಬಾಕನ್ನು ಬಿಡುವೆನೆಂದವರು ಬೀಡಿಯನ್ನೋ ಗುಟಕಾ ಪೊಟ್ಟಣವನ್ನೋ ಎಲ್ಲರೆದುರಿಗೆ ಆ ಜೋಳಿಗೆಗೆ ಹಾಕುತ್ತಿದ್ದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ಸರಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಭಕ್ತಿಯ ಮಾತು ಹಾಗಿರಲಿ; ಮನಃಶಾಸ್ತ್ರಕ್ಕೆ ಇದರಲ್ಲಿ ಕಾಣುವುದೇನು?

ಮಾದಕ ವಸ್ತುವು ಒಳಸೇರಿದಾಗ ಮಿದುಳಿನ ಕೆಲವು ನರಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ಹೆಚ್ಚಾಗಿ ಸ್ರವಿಸುತ್ತವೆ. ಆಗ ಮಿದುಳು ಆ ವಸ್ತುವನ್ನಷ್ಟೇ ಅಲ್ಲದೆ ಅದರ ಸುತ್ತಣ ಸ್ಥಳ, ಹೊತ್ತು, ಗೆಳೆಯರು ಎಲ್ಲವನ್ನೂ ಗುರುತಿಟ್ಟುಕೊಳ್ಳುತ್ತದೆ. ಮುಂದೆ ಅಂಗಡಿಯ ಬಾಗಿಲನ್ನು ಕಂಡರೆ ಸಾಕು, ಬಯಕೆಯು ಕೆರಳುತ್ತದೆ. ಆದುದರಿಂದ ಮನೋಬಲವೊಂದನ್ನೇ ನೆಚ್ಚಿದವನು ಸೋಲುವುದುಂಟು. ಜೋಳಿಗೆಯಾದರೋ ವಸ್ತುವನ್ನು ಕೈಯಿಂದ ದೂರಮಾಡುತ್ತದೆ. ಕೊಟ್ಟ ಮಾತಿಗೆ ಊರನ್ನೇ ಸಾಕ್ಷಿಯಾಗಿಸುತ್ತದೆ.

ಕುಡಿಯದವರಿಗೂ ಇದರಿಂದ ಕಲಿಯತಕ್ಕದ್ದುಂಟು. ಸಿಂದಗಿಯ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಗಣಿತದ ಪುಸ್ತಕವನ್ನು ತೆರೆದೊಡನೆ ಅವನಿಗೆ ಎದೆ ಬಡಿದುಕೊಳ್ಳುತ್ತದೆ. ಪುಸ್ತಕವನ್ನು ಮುಚ್ಚಿ ಮೊಬೈಲನ್ನು ಎತ್ತಿಕೊಂಡರೆ ಅಂಜಿಕೆಯು ತಟ್ಟನೆ ಇಳಿಯುತ್ತದೆ. ಆ ನೆಮ್ಮದಿಯೇ ಅವನ ಮಿದುಳಿಗೆ ಬಹುಮಾನ! ಮರುದಿನ ಪುಸ್ತಕವನ್ನು ಮುಚ್ಚುವುದು ಇನ್ನೂ ಸುಲಭ, ಅಂಜಿಕೆ ಇನ್ನೂ ದೊಡ್ಡದು. ಇಲ್ಲಿ ಬಾಟಲಿಯಿಲ್ಲವೆಂಬುದು ನಿಜ. ಸುಳಿ ಮಾತ್ರ ಅಂಥದೇ. ಅವನು ಮೊಬೈಲನ್ನು ತಾಯಿಯ ಕೈಗೆ ಕೊಡಲಿ. ಗೆಳೆಯನಿಗೆ ಹೇಳಿ ಹತ್ತೇ ನಿಮಿಷ ಲೆಕ್ಕ ಮಾಡಲಿ. ಅಂಜಿಕೆಯೂ ಬಯಕೆಯಂತೆ ತೆರೆಯಾಗಿ ಏರಿ, ಕಾದವನಿಗೆ ಇಳಿದು ತೋರುತ್ತದೆ.

ಆಣೆಯ ಪದ್ಧತಿಯಲ್ಲಿ ನಮಗೊಂದು ಅಳುಕುಂಟು. ಆಣೆ ಮುರಿದರೆ ಗತಿಯೇನು? ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಟ್ ಅವರು ಗುರುತಿಸಿದಂತೆ, ಚಟ ಬಿಟ್ಟವನನ್ನು ಪೂರ್ತಿಯಾಗಿ ಕೆಡಹುವುದು ಅನೇಕವೇಳೆ ಆ ಒಂದು ಗುಟುಕಲ್ಲ, ಅದರ ಬಳಿಕ ಬರುವ ‘ನಾನು ಕೆಟ್ಟೆ, ಇನ್ನೇನು ಉಳಿಯಿತು’ ಎಂಬ ಹತಾಶೆ. 1935ರಲ್ಲಿ ಅಮೆರಿಕದ ಆ್ಯಕ್ರನ್ ಪಟ್ಟಣದಲ್ಲಿ ಹುಟ್ಟಿದ ಮದ್ಯವ್ಯಸನಿಗಳ ಸಂಘವು ಜೀವಮಾನದ ಶಪಥಕ್ಕೆ ಬದಲು ‘ಇಂದು ಒಂದು ದಿನ’ ಎಂದು ನಡೆಯಲು ಕಲಿಸಿತು. ಲಂಡನ್ನಿನ ಸಂಶೋಧಕರು 96 ಜನರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕವೂ ಧೈರ್ಯ ಕೊಡುವಂಥದು. ಹೊಸ ಅಭ್ಯಾಸವು ನೆಲೆಗೊಳ್ಳಲು ಒಬ್ಬನಿಗೆ 18 ದಿನ ಸಾಕಾದರೆ ಇನ್ನೊಬ್ಬನಿಗೆ 254 ದಿನ ಬೇಕು. ನಡುಮಟ್ಟ 66 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳತಕ್ಕ ನಷ್ಟವಾಗಲಿಲ್ಲ.

ಒಂದು ಎಚ್ಚರ ಅಗತ್ಯ. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು, ಭ್ರಮೆಗಳು ತಲೆದೋರಿ ಜೀವಕ್ಕೇ ಅಪಾಯವಾಗಬಹುದು. ಅವನು ಆಣೆಯ ದಿನವೇ ವೈದ್ಯರನ್ನೂ ಕಾಣತಕ್ಕದ್ದು. ಈ ನಾಲ್ಕೂ ತಾಲೂಕು ಸ್ಥಳಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಎರಡು ವಾರಗಳಾದರೂ ಮನಸ್ಸಿನ ಕುಗ್ಗು ಬಿಡದಿದ್ದರೆ, ಅದು ಕೂಡ ಸಂಕಲ್ಪ ಮಾತ್ರದಿಂದ ಹೋಗುವಂಥದಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ, 14416ಕ್ಕೆ ಕರೆಮಾಡಿದವರೊಡನೆ ಕನ್ನಡದಲ್ಲಿಯೇ ಮಾತನಾಡುತ್ತಾರೆ.